ಸುಜಯೀಂದ್ರ ಜೋಗಕ್ಕೆ ನೀರು ಬಿಡಿಸಿದ್ದು

ಮನುಷ್ಯ ಸುಳ್ಳು ಹೇಳುವುದಕ್ಕೆ ದುರಾಸೆ, ಹೆದರಿಕೆ, ಹೊಟ್ಟೆಕಿಚ್ಚು ಎಂದು ದೊಡ್ಡ ದೊಡ್ಡ ಕಾರಣಗಳನ್ನು ಕೊಡುತ್ತಾರೆ. ಚೆನ್ನೈನ ಪೆರುಂಗುಡಿಯಲ್ಲಿರುವ ಸುಜಯೀಂದ್ರ ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ಹೇಳಿದ ಸುಳ್ಳಿಗೆ ಅಂಥ ಘನವಾದ ಕಾರಣ ಯಾವುದೂ ಇರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಅಷ್ಟೆ.

ಮೈಸೂರಿನ ಸರಸ್ವತಿಪುರಂನಲ್ಲಿ, ಹೆಣ್ಣು ನೋಡುವ ಶಾಸ್ತ್ರ. ಸುಜಯೀಂದ್ರನ ತಾಯಿ ಪ್ರೇಮಮ್ಮ, ಚಿರೋಟಿಗೆ ಇಷ್ಟೊಂದು ಪದರ ಹೇಗೆ ಬರುತ್ತದೆ ಎಂದು ಕೇಳಿಕೊಂಡು ಅಡುಗೆಮನೆಗೆ ಹೋದವರು ಅಲ್ಲೇ ಉಳಿದುಬಿಟ್ಟರು. ಹಜಾರದಲ್ಲಿ ಉಳಿದವರು ಹುಡುಗ, ಹುಡುಗಿ, ಹುಡುಗಿಯ ಅಪ್ಪ. ಹುಡುಗಿ ವೀಕ್ಷಾ ತಲೆ ತಗ್ಗಿಸಿಕೊಂಡು ಸೆರಗಿನ ಒಂದು ದಾರ ಎಳೆಯುತ್ತಿದ್ದಳು. ಅಪ್ಪ ಫ್ಯಾನು ನೋಡುತ್ತಿದ್ದರು. ಸುಜಯೀಂದ್ರನೂ ಸ್ವಲ್ಪ ಹೊತ್ತು ಫ್ಯಾನು ನೋಡಿದ. ಎಷ್ಟು ಹೊತ್ತು ಅಂತ ಒಂದೇ ಫ್ಯಾನನ್ನು ಇಬ್ಬರು ಗಂಡಸರು ನೋಡುವುದು. ಕೊನೆಗೆ ಗೋಡೆಯ ಮೇಲೆ ಒಂದು ಜಲಪಾತದ ದೊಡ್ಡ ಫೋಟೊ ಕಂಡಿತು.

"ಜೋಗ," ಎಂದ ಸುಜಯೀಂದ್ರ, ಹಳೆಯ ಸ್ನೇಹಿತ ಸಿಕ್ಕವನ ಹಾಗೆ. "ನಾನು ನಾಲ್ಕು ಸಲ ಹೋಗಿದೀನಿ."

ಹುಡುಗಿಯ ಅಪ್ಪ ಏನೋ ಹೇಳಲು ಬಾಯಿ ತೆರೆದರು. ವೀಕ್ಷಾ ಅವರ ಕಡೆ ಒಮ್ಮೆ ನೋಡಿದಳು. ಅವರು ತೆರೆದ ಬಾಯಿಗೆ ಚಿರೋಟಿಯ ಒಂದು ತುಂಡು ಹಾಕಿಕೊಂಡು ಮತ್ತೆ ಫ್ಯಾನಿಗೆ ಮರಳಿದರು.

"ನಾಲ್ಕು ಸಲಾನಾ?" ಎಂದು ಕೇಳಿದಳು ವೀಕ್ಷಾ. ಈಗ ಅವಳು ತಲೆ ಎತ್ತಿದ್ದಳು.

"ನಾಲ್ಕು. ಐದನೇ ಸಲಕ್ಕೆ ಜೊತೆಗೆ ಯಾರಾದ್ರೂ ಸಿಕ್ಕಿದ್ರೆ ಹೋಗೋಣ ಅಂತ ಇದೀನಿ."

ಹುಡುಗಿ ನಕ್ಕಳು. ಆ ನಗುವಿಗಾಗಿ ಸುಜಯೀಂದ್ರ ಹಿಮಾಲಯದಲ್ಲಿ ತನಗೆ ಎರಡು ಸೈಟು ಇವೆ ಎಂದೂ ಹೇಳಲು ತಯಾರಿದ್ದ. ಸದ್ಯ ಅಷ್ಟು ಬೇಕಾಗಲಿಲ್ಲ. ಅವಳೇ ಮಾತು ಮುಂದುವರಿಸಿದಳು. ಅವರ ಮನೆಯವರು ಜೋಗ ನೋಡಲು ಮೂರು ಸಲ ಹೊರಟಿದ್ದರಂತೆ. ಮೊದಲ ಸಲ ಅರಸೀಕೆರೆಯಲ್ಲಿ ಕಾರು ಕೆಟ್ಟಿತು. ಎರಡನೆಯ ಸಲ ಹೊರಡುವ ದಿನವೇ ಅಜ್ಜಿ ತೀರಿಕೊಂಡರು. ಮೂರನೆಯ ಸಲ ಅಪ್ಪನಿಗೆ ಶಿವಮೊಗ್ಗದ ಹೋಟೆಲಿನಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಮದುವೆಯಾದರೆ ಮೊದಲು ಅಲ್ಲಿಗೇ ಹೋಗಬೇಕೆಂದು ಅವಳ ಆಸೆ.

ಹೀಗೆ ಹನಿಮೂನಿನ ಸ್ಥಳ ಮದುವೆಗಿಂತ ಮೊದಲೇ ನಿಶ್ಚಯವಾಯಿತು. ವೀಕ್ಷಾ ಕೆಲಸ ಮಾಡುವ ಚೆನ್ನೈನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಹುಡುಗಿಯರು ಬಾಲಿ, ಮಾಲ್ಡೀವ್ಸ್ ಎನ್ನುತ್ತಿದ್ದರೆ ಇವಳು ಜೋಗ ಎನ್ನುತ್ತಿದ್ದಳು, ಅದೂ ಹೆಮ್ಮೆಯಿಂದ. "ನಮ್ಮವರು ನಾಲ್ಕು ಸಲ ನೋಡಿದಾರೆ, ಅವರಿಗೆ ಅಲ್ಲಿ ಎಲ್ಲಾ ಗೊತ್ತು," ಎಂದು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದುದನ್ನು ಸುಜಯೀಂದ್ರ ಕೇಳಿಸಿಕೊಂಡಿದ್ದ.

ಸತ್ಯ ಏನೆಂದರೆ ಸುಜಯೀಂದ್ರ ಹುಟ್ಟಿದ್ದು ಬೆಳೆದದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಈ ಮೈಸೂರು ಬಿಟ್ಟರೆ, ಅಪ್ಪ ಇದ್ದಾಗ ತುಮಕೂರಿಗೆ ಎರಡು ಮದುವೆಗಳಿಗೆ ಹೋಗಿದ್ದ. ಅಲ್ಲಿಂದಾಚೆಗೆ ಕರ್ನಾಟಕ ಇದೆ ಎಂಬುದು ಅವನಿಗೆ ಭೂಪಟ ನೋಡಿ ಗೊತ್ತು. ಜೋಗ ಅವನು ಕಂಡದ್ದು ಕನ್ನಡ ಕೂಟದವರು ಹಂಚಿದ ಒಂದು ಕ್ಯಾಲೆಂಡರಿನಲ್ಲಿ. ಆ ಚಿತ್ರ ಚೆನ್ನಾಗಿದೆ ಎಂದು ಪ್ರೇಮಮ್ಮ ಅದನ್ನು ಏಳು ವರ್ಷಗಳಿಂದ ಜುಲೈ ತಿಂಗಳಿನಲ್ಲೇ ನಿಲ್ಲಿಸಿದ್ದರು.

ಮದುವೆ ಫೆಬ್ರವರಿಯಲ್ಲಿ ಆಯಿತು. ಸುಜಯೀಂದ್ರನಿಗೆ ಪ್ಯಾರೀಸ್ ಕಾರ್ನರಿನ ಒಂದು ವಿಮಾ ಕಚೇರಿಯಲ್ಲಿ ಕ್ಲೇಮು ವಿಭಾಗದ ಕೆಲಸ. ಮಾರ್ಚಿನಲ್ಲಿ ವರ್ಷಾಂತ್ಯ, ವಿಮಾ ಕಚೇರಿಯವನಿಗೆ ಮಾರ್ಚಿನಲ್ಲಿ ರಜೆ ಸಿಗಬೇಕಾದರೆ ಅವನೇ ಒಂದು ಕ್ಲೇಮು ಆಗಬೇಕು. ಹಾಗಾಗಿ ಏಪ್ರಿಲ್ ಎಂದಾಯಿತು. ಎರಡನೆಯ ವಾರ, ಐದು ದಿನ ರಜೆ.

ರಜೆ ಮಂಜೂರಾದ ಸಂಜೆ, ಎರಡು ಬಸ್ಸು ಬದಲಾಯಿಸಿ, ನಿಂತೇ ಬಂದು, ಸುಜಯೀಂದ್ರ ಸೋಫಾದಲ್ಲಿ ಕುಸಿದು ಸುದ್ದಿ ಹೇಳಿದ. ಪ್ರೇಮಮ್ಮ ಸೊಪ್ಪು ಬಿಡಿಸುತ್ತಿದ್ದರು. ಅವರದು ಹುಟ್ಟಿದಾಗಿನಿಂದ ಮದರಾಸಿನ ನೀರು ಕುಡಿದ ಕನ್ನಡ.

"ಏಯ್ ಸುಜಿ, ಚಿತ್ತಿರೈ ಮಾಸದಲ್ಲಿ ಜೋಗದಲ್ಲಿ ನೀರು ಎಲ್ಲಿರತ್ತೋ? ಬರೀ ಬಂಡೆ. ಶುಮ್ಮಾ ಬಂಡೆ ನೋಡಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮ ಪಲ್ಲಾವರದಲ್ಲೇ ಬೇಕಾದಷ್ಟು ಇದೆಯಲ್ಲ."

ವೀಕ್ಷಾ ಗಂಡನ ಮುಖ ನೋಡಿದಳು. ನಾಲ್ಕು ಸಲ ಹೋದವನಿಗೆ ಇದು ಗೊತ್ತಿರಬೇಕಾಗಿತ್ತು. ಸುಜಯೀಂದ್ರನಿಗೆ ಗೊತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಅದು ಏಳು ವರ್ಷದಿಂದ ಹಗಲೂ ರಾತ್ರಿ ಸುರಿಯುತ್ತಲೇ ಇತ್ತು.

"ನೀರು ಡ್ಯಾಮಿನಲ್ಲಿ ಇರತ್ತಮ್ಮಾ," ಎಂದ ಅವನು. "ಬಿಟ್ರೆ ಬರತ್ತೆ. ನನಗೆ ಅಲ್ಲಿ ಗೊತ್ತಿರೋರು ಇದಾರೆ. ಒಂದು ಫೋನ್ ಹಾಕಿದ್ರೆ ಗೇಟ್ ಎತ್ತಿಸ್ತಾರೆ."

ಈ ಮಾತು ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಹಿಂದಿನ ವರ್ಷ ಸತ್ಯನಾರಾಯಣ ಎಂಬವರೊಬ್ಬರ ಕ್ಲೇಮು ಅವನ ಮೇಜಿಗೆ ಬಂದಿತ್ತು. ಚೆನ್ನೈನಲ್ಲಿದ್ದಾಗ ಪಾಲಿಸಿ ಮಾಡಿಸಿದವರು, ಆಮೇಲೆ ಊರಿಗೆ ಹೋಗಿ ಕೈ ಮುರಿದುಕೊಂಡಿದ್ದರು. ವಿಳಾಸ ಲಿಂಗನಮಕ್ಕಿ ಅಣೆಕಟ್ಟಿನ ಕ್ಯಾಂಪು. ವೃತ್ತಿ ಎಂಬಲ್ಲಿ 'ಡ್ಯಾಮಿನಲ್ಲಿ ಕೆಲಸ' ಎಂದು ಬರೆದಿತ್ತು. ಸುಜಯೀಂದ್ರ ಬೇಗ ಮುಗಿಸಿಕೊಟ್ಟ. ಅವರು ಫೋನು ಮಾಡಿ, "ಈ ಕಡೆ ಬಂದ್ರೆ ಹೇಳಿ ಸ್ವಾಮಿ, ನನ್ನ ಕೈಲಾದ್ದು ಏನು ಬೇಕಾದ್ರೂ ಮಾಡ್ತೀನಿ," ಎಂದಿದ್ದರು. ಡ್ಯಾಮಿನಲ್ಲಿ ಕೆಲಸ ಮಾಡುವವರ ಕೈಲಾಗುವುದು ಮತ್ತೇನು.

"ನಿಜವಾಗ್ಲೂ ಬಿಡಿಸ್ತೀರಾ?" ಎಂದಳು ವೀಕ್ಷಾ.

"ಕಂಡಿಪ್ಪಾ, ಖಂಡಿತ ಬಿಡಿಸ್ತಾನೆ," ಎಂದು ಪ್ರೇಮಮ್ಮನೇ ಉತ್ತರ ಕೊಟ್ಟರು. ತಮ್ಮ ಮಗ ಇಷ್ಟು ದೊಡ್ಡವನಾದ ಸಂಗತಿ ಅವರಿಗೆ ಈಗಷ್ಟೇ ತಿಳಿದಿತ್ತು. ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದು, ಅಣ್ಣಾನಗರದಲ್ಲಿರುವ ಸುಜಯೀಂದ್ರನ ಚಿಕ್ಕಮ್ಮನಿಗೆ ಫೋನು ಹಚ್ಚಿದರು.

ಗುಟ್ಟು ಎಂದು ಹೇಳಿ ಹೇಳಿದ್ದರಿಂದ ಸುದ್ದಿ ಬೇಗ ಹೋಯಿತು. ಮೂರನೆಯ ದಿನ ಕನ್ನಡ ಕೂಟದ ಕಾರ್ಯದರ್ಶಿ ಭೋಜರಾಜರು ಮನೆಗೇ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಒಂದೇ ಚಟವೆಂದರೆ ಜನರನ್ನು ಒಂದು ಬಸ್ಸಿನಲ್ಲಿ ತುಂಬಿ ಎಲ್ಲಿಗಾದರೂ ಕರೆದುಕೊಂಡು ಹೋಗುವುದು.

"ಏನಪ್ಪಾ ಸುಜಯೀಂದ್ರ, ಇಷ್ಟು ದೊಡ್ಡ ವಿಷಯ ಇಟ್ಕೊಂಡು ಸುಮ್ನಿದೀಯಲ್ಲ," ಎಂದು ಕೂತುಕೊಂಡರು. "ನೀರು ಬಿಡೋದು ಬಿಡ್ತಾರೆ. ಇಬ್ಬರೇ ನೋಡಿದ್ರೂ ಅಷ್ಟೇ ನೀರು, ಐವತ್ತು ಜನ ನೋಡಿದ್ರೂ ಅಷ್ಟೇ ನೀರು. ಅಷ್ಟು ನೀರನ್ನ ಇಬ್ಬರಿಗೋಸ್ಕರ ದಂಡ ಮಾಡಬಾರದಪ್ಪ."

"ಸಾರ್, ಅದು ನಮ್ಮ ಹನಿಮೂನು," ಎಂದ ಸುಜಯೀಂದ್ರ.

"ಗೊತ್ತಪ್ಪ. ನಿಮಗೆ ಯಾರೂ ತೊಂದರೆ ಕೊಡಲ್ಲ. ಬಸ್ಸಿನ ಮುಂದಿನ ಮೂರು ಸೀಟು ನಿಮಗೇ ಬಿಟ್ಟಿದೀನಿ."

"ಮೂರಾ?"

"ಅಮ್ಮ ಬರಲ್ವೇ?"

ಒಳಗಿನಿಂದ ಪ್ರೇಮಮ್ಮ, ಬರುತ್ತೇನೆ ಎಂದರು.

ಭೋಜರಾಜರು ವಾರದಲ್ಲಿ ಒಂದು ಕರಪತ್ರ ಅಚ್ಚು ಹಾಕಿಸಿದರು. 'ಜೋಗದ ಸಿರಿ ಬೇಸಿಗೆಯಲ್ಲಿ. ನಾಲ್ಕು ಬಾರಿ ಜೋಗ ಕಂಡ ಅನುಭವಿ ಶ್ರೀ ಸುಜಯೀಂದ್ರ ಅವರ ಕೃಪೆಯಿಂದ ಭಾನುವಾರ ಸಂಜೆ ಸರಿಯಾಗಿ ಐದು ಗಂಟೆಗೆ ನೀರು ಬಿಡಲಾಗುವುದು. ಛತ್ರಿ ತರುವುದು.' ಸುಜಯೀಂದ್ರ ಅದನ್ನು ಓದಿ ಮಂಚದ ಮೇಲೆ ಮಲಗಿದ. ಪ್ರೇಮಮ್ಮನಿಗೆ ಕನ್ನಡ ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಅವರು ಓದಿದ್ದು ತಮಿಳು ಸ್ಕೂಲು. ಮಗನ ಹೆಸರು ಅಚ್ಚಾಗಿದೆ ಎಂದು ಆ ಕಾಗದಕ್ಕೆ ಅರಿಶಿನ ಕುಂಕುಮ ಇಟ್ಟು ಪರ್ಸಿನಲ್ಲಿ ಇಟ್ಟುಕೊಂಡರು.

ಇಲ್ಲಿಯವರೆಗೆ ಕನ್ನಡದವರ ಕಾಟ. ಮುಂದಿನದು ಲಿಫ್ಟಿನಲ್ಲಿ ಶುರುವಾಯಿತು.

ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ ಕದಿರೇಶನ್, ಬಂದರಿನ ಕೆಲಸದಿಂದ ನಿವೃತ್ತರಾದವರು. ಅವರಿಗೆ ಪ್ರೇಮಮ್ಮ ಲಿಫ್ಟಿನಲ್ಲಿ ನೆಲಮಹಡಿಯಿಂದ ಮೂರನೆಯ ಮಹಡಿಗೆ ಹೋಗುವಷ್ಟರಲ್ಲಿ ವಿಷಯ ತಿಳಿಸಿದರು. ಕದಿರೇಶನ್ ತಮ್ಮ ಮಹಡಿಯಲ್ಲಿ ಇಳಿಯಲಿಲ್ಲ. ನೇರವಾಗಿ ಬಂದು ಸುಜಯೀಂದ್ರನ ಕೈ ಹಿಡಿದುಕೊಂಡರು. ಅವರು ಆಡಿದ್ದೆಲ್ಲ ತಮಿಳು. ಇಲ್ಲಿ ಅದನ್ನು ಕನ್ನಡದಲ್ಲಿ ಕೊಟ್ಟಿದೆ.

"ಸಾರ್, ಮೂರು ವರ್ಷದಿಂದ ಒಂದೇ ಬಿಲ್ಡಿಂಗಿನಲ್ಲಿ ಇದ್ದೀರಿ. ಕರ್ನಾಟಕದ ಡ್ಯಾಮು ನಿಮ್ಮ ಕೈಯಲ್ಲಿದೆ ಅಂತ ಒಂದು ದಿನ ಹೇಳಲಿಲ್ಲ ನೀವು."

"ಡ್ಯಾಮು ನನ್ನ ಕೈಯಲ್ಲಿಲ್ಲ ಸಾರ್."

"ದೊಡ್ಡವರು ಹೀಗೇ ಹೇಳುವುದು," ಎಂದು ಕದಿರೇಶನ್ ಮರುದಿನವೇ ಪಾರ್ಕಿಂಗಿನಲ್ಲಿ ತುರ್ತು ಸಭೆ ಕರೆದರು.

ಸಭೆಗೆ ಹದಿನಾರು ಮನೆಯವರೂ ಬಂದರು. ದೀಪಾವಳಿ ಸಿಹಿ ಹಂಚುವಾಗಲೂ ಅಷ್ಟು ಜನ ಬಂದಿರಲಿಲ್ಲ. ನೆಲಮಹಡಿಯ ತಂಜಾವೂರಿನ ತಾತ ತಮ್ಮ ಕುರ್ಚಿ ತಾವೇ ಹೊತ್ತು ತಂದು ಮುಂದಿನ ಸಾಲಿನಲ್ಲಿ ಕೂತರು.

"ತಮ್ಮಾ, ನನಗೆ ಹೆಚ್ಚು ಬೇಡ," ಎಂದರು ತಾತ. "ಊರಿನಲ್ಲಿ ಮೂರು ಎಕರೆ ಇದೆ. ಜೂನ್ ಹೊತ್ತಿಗೆ ಮೂರು ಎಕರೆಗೆ ಆಗುವಷ್ಟು ಕಾವೇರಿ ಬಿಡಲು ಹೇಳು."

"ತಾತ, ಅದು ಬೇರೆ ಡ್ಯಾಮು. ಇದು ಶರಾವತಿ. ಪಶ್ಚಿಮಕ್ಕೆ ಹರಿದು ಹೊನ್ನಾವರದ ಹತ್ತಿರ ಸಮುದ್ರ ಸೇರತ್ತೆ."

"ಪಶ್ಚಿಮಕ್ಕಾ?" ತಾತನಿಗೆ ಬೇಸರವಾಯಿತು. "ನಿನ್ನ ಮಾತಿಗೆ ಗೇಟನ್ನೇ ಎತ್ತುತ್ತಾರೆ, ಸ್ವಲ್ಪ ಪೂರ್ವಕ್ಕೆ ತಿರುಗಿಸುವುದಿಲ್ಲವೇ?"

ಸುಜಯೀಂದ್ರ ಭೂಗೋಳ ವಿವರಿಸಿದ. ನಡುವೆ ಬೆಟ್ಟಗಳಿವೆ ಎಂದ. ಎರಡು ರಾಜ್ಯ, ಹತ್ತಾರು ವರ್ಷ, ದೊಡ್ಡ ದೊಡ್ಡ ಕೋರ್ಟುಗಳು ಎಂದ. ಅವನು ವಿವರಿಸಿದಷ್ಟೂ ಜನರಿಗೆ ಅವನ ಮೇಲೆ ನಂಬಿಕೆ ಹೆಚ್ಚಾಯಿತು. ನೀರಿನ ವಿಷಯ ಇಷ್ಟು ಬಲ್ಲವನು ಇನ್ನೊಬ್ಬನಿಲ್ಲ ಎಂದು ಮಾತಾಡಿಕೊಂಡರು. ಕದಿರೇಶನ್ ಎದ್ದು ನಿಂತು, ಕಾವೇರಿಯ ಮಾತು ಆಮೇಲೆ ಆಡೋಣ, ಮೊದಲು ನಮ್ಮ ಬಿಲ್ಡಿಂಗಿನ ನೀರು ಇವರ ಕೈಗೆ ಕೊಡೋಣ ಎಂದರು. ಎಲ್ಲರೂ ಕೈ ಎತ್ತಿದರು. ಹೀಗೆ ಸುಜಯೀಂದ್ರ ಸರ್ವಾನುಮತದಿಂದ ಅಪಾರ್ಟ್‌ಮೆಂಟಿನ ನೀರಿನ ಉಸ್ತುವಾರಿಯಾದ.

ಪೆರುಂಗುಡಿಯಲ್ಲಿ ನೀರಿನ ಉಸ್ತುವಾರಿ ಎಂದರೆ ಏನು ಎಂಬುದು ಬೇರೆ ಊರಿನವರಿಗೆ ತಿಳಿಯುವುದು ಕಷ್ಟ. ಬೆಳಿಗ್ಗೆ ಐದೂವರೆಗೆ ನೀರಿನ ಲಾರಿ ಬರುತ್ತದೆ, ಇಲ್ಲವೇ ಬರುವುದಿಲ್ಲ. ಬಂದರೆ ಪೈಪು ಹಿಡಿದು ನೆಲದಡಿಯ ಸಂಪು ತುಂಬಿಸಬೇಕು. ಬಾರದಿದ್ದರೆ ಡ್ರೈವರಿಗೆ ಹದಿನಾಲ್ಕು ಸಲ ಫೋನು ಮಾಡಬೇಕು. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ನಲವತ್ತು ನಿಮಿಷ ಮೋಟಾರು ಹಾಕಿ ತಾರಸಿಯ ಟ್ಯಾಂಕಿಗೆ ನೀರು ಏರಿಸಬೇಕು. ಒಂದು ನಿಮಿಷ ಕಡಿಮೆಯಾದರೆ ನಾಲ್ಕನೆಯ ಮಹಡಿಯವರು ಬೈಯುತ್ತಾರೆ. ಒಂದು ನಿಮಿಷ ಹೆಚ್ಚಾಗಿ ಟ್ಯಾಂಕು ತುಂಬಿ ಹರಿದರೆ ಎಲ್ಲರೂ ಬೈಯುತ್ತಾರೆ. ಮದುವೆಯಾದ ಎರಡು ತಿಂಗಳಿಗೆ ಸುಜಯೀಂದ್ರ ಹೆಂಡತಿಯ ಮುಖಕ್ಕಿಂತ ಹೆಚ್ಚು ಹೊತ್ತು ಸಂಪಿನ ಮುಖ ನೋಡುತ್ತಿದ್ದ. ಆಫೀಸಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ.

ಹೊರಡುವುದಕ್ಕೆ ಒಂದು ವಾರ ಉಳಿದಾಗ ಅವನು ಧೈರ್ಯ ಮಾಡಿ, ಆಫೀಸಿನ ಮೆಟ್ಟಿಲ ಮೇಲೆ ನಿಂತು ಸತ್ಯನಾರಾಯಣರಿಗೆ ಫೋನು ಮಾಡಿದ.

"ಓಹೋ, ನೀವಾ ಸ್ವಾಮಿ. ಕೈ ಈಗ ಚೆನ್ನಾಗಿದೆ. ನಿಮ್ಮ ಹೆಸರು ಹೇಳ್ಕೊಂಡೇ ಊಟ ಮಾಡ್ತೀನಿ," ಎಂದರು ಅವರು.

"ಸಾರ್, ಒಂದು ಸಣ್ಣ ಉಪಕಾರ ಆಗಬೇಕಿತ್ತು. ಬರೋ ಭಾನುವಾರ ಸಂಜೆ ಐದು ಗಂಟೆಗೆ, ಒಂದರ್ಧ ಗಂಟೆ, ಸ್ವಲ್ಪ ನೀರು ಬಿಡಿಸೋಕೆ ಆಗತ್ತಾ?"

"ಎಲ್ಲಿಗೆ?"

"ಜೋಗಕ್ಕೆ."

ಆ ಕಡೆ ಪಾತ್ರೆಗಳ ಸದ್ದು ಕೇಳಿಸಿತು. "ಸ್ವಾಮಿ, ನಾನು ಇಲ್ಲಿ ಕ್ಯಾಂಟೀನಲ್ಲಿ ಅಡುಗೆ ಮಾಡೋನು," ಎಂದರು ಸತ್ಯನಾರಾಯಣ ನಿಧಾನವಾಗಿ. "ಸಾರಿಗೆ ನೀರು ಹಾಕೋದಾದ್ರೆ ಎಷ್ಟು ಬೇಕಾದ್ರೂ ಹಾಕ್ತೀನಿ. ಆ ನೀರು ಮಳೆರಾಯ ಬಿಡಬೇಕು. ಆಗಸ್ಟಿನಲ್ಲಿ ಬನ್ನಿ."

"ಐವತ್ತು ಜನ ಹೊರಟಿದಾರೆ ಸಾರ್."

"ಐವತ್ತು ಜನಾನಾ? ಅದಕ್ಕೇನಂತೆ," ಎಂದು ಅವರ ದನಿಗೆ ಜೀವ ಬಂತು. "ಉಪ್ಪಿಟ್ಟು ಮಾಡಿಸ್ತೀನಿ. ಅದು ನನ್ನ ಜವಾಬ್ದಾರಿ."

ಆ ಸಂಜೆ ವೀಕ್ಷಾಳಿಗೆ ಎಲ್ಲ ಹೇಳಿಬಿಡಬೇಕೆಂದು ಸುಜಯೀಂದ್ರ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದ. ಬಾಗಿಲು ತೆಗೆದವಳು ಹಳದಿ ರೇನ್‌ಕೋಟು ತೊಟ್ಟುಕೊಂಡು ನಿಂತಿದ್ದಳು. ಹೊರಗೆ ಮೂವತ್ತೆಂಟು ಡಿಗ್ರಿ ಬಿಸಿಲು.

"ಹೇಗಿದೆ ರೀ?" ಎಂದಳು. "ಪಾಂಡಿ ಬಜಾರೆಲ್ಲ ಹುಡುಕಿದೆ. ಏಪ್ರಿಲ್ ತಿಂಗಳಲ್ಲಿ ರೇನ್‌ಕೋಟ್ ಕೇಳಿದ್ದಕ್ಕೆ ಅಂಗಡಿಯವರು ಯಾವ ದೇಶಕ್ಕೆ ಹೋಗ್ತೀರ ಅಂದ್ರು. ನಿಮಗೂ ಒಂದು ತಂದಿದೀನಿ."

"ವೀಕ್ಷಾ, ಒಂದು ವಿಷಯ ಹೇಳ್ಬೇಕು."

"ಹೇಳಿ."

ಅವಳು ನಿಜವಾಗಿಯೂ ಕಾದಳು. ರೇನ್‌ಕೋಟಿನ ಟೋಪಿ ತೆಗೆದು, ಕಿವಿ ಕೊಟ್ಟು, ಕಾದಳು. ಆಗ ಕೆಳಗಿನಿಂದ ಕದಿರೇಶನ್ "ಮೋಟಾರು" ಎಂದು ಕೂಗಿದರು. ಸುಜಯೀಂದ್ರ ಓಡಿದ. ಇನ್ನೂ ಎರಡು ಸಲ ಪ್ರಯತ್ನಿಸಿದ. ಒಮ್ಮೆ ಲಾರಿ ಬಂತು, ಒಮ್ಮೆ ಲಾರಿ ಬರಲಿಲ್ಲ.

ಆದರೆ ದೇವರು ಇಂಥವರನ್ನೂ ಕೆಲವೊಮ್ಮೆ ನೋಡಿಕೊಳ್ಳುತ್ತಾನೆ. ಬಸ್ಸು ಹೊರಡುವುದು ಶನಿವಾರ ಸಂಜೆ. ಶುಕ್ರವಾರ ಬೆಳಿಗ್ಗೆ ನೀರಿನ ಲಾರಿಯವರು ಮುಷ್ಕರ ಹೂಡಿದರು. ಸಂಪಿನಲ್ಲಿ ಮೊಣಕಾಲು ಮಟ್ಟ ನೀರಿತ್ತು. ಕದಿರೇಶನ್ ಗೇಟಿಗೆ ಅಡ್ಡ ನಿಂತು ಎರಡೂ ಕೈ ಚಾಚಿದರು.

"ಸಾರ್, ಹದಿನಾರು ಕುಟುಂಬ. ನಾಲ್ಕು ಕೈಗೂಸು. ಈ ಹೊತ್ತಿನಲ್ಲಿ ನೀರಿನ ಉಸ್ತುವಾರಿ ನೀರು ನೋಡಲು ಹೋಗುವುದೇ?"

ಸುಜಯೀಂದ್ರ ಹಣೆ ಚಚ್ಚಿಕೊಂಡ, ನನ್ನ ಹನಿಮೂನು ಎಂದ, ಯಾರಿಗೂ ನನ್ನ ಕಷ್ಟ ಬೇಡ ಎಂದ. ಒಳಗೆ ಅವನಿಗೆ ಎಷ್ಟು ಹಗುರವಾಯಿತೆಂದರೆ ಎರಡು ತಿಂಗಳಲ್ಲಿ ಮೊದಲ ಬಾರಿ ಹಸಿವಾಯಿತು. ಮೇಲೆ ಹೋಗಿ ಮುಖ ಸಪ್ಪಗೆ ಮಾಡಿಕೊಂಡು ಹೆಂಡತಿಗೆ ತಿಳಿಸಿದ. ನಾವು ಹೋಗೋಕಾಗಲ್ಲ, ಬಸ್ಸು ಹೋಗಲಿ, ಅಮ್ಮ ಹೋಗಿ ಬರಲಿ, ಏನು ಮಾಡೋದು, ಹದಿನಾರು ಕುಟುಂಬ.

ವೀಕ್ಷಾ ಜಗಳವಾಡಲಿಲ್ಲ. ಕಟ್ಟಿದ್ದ ಸೂಟ್‌ಕೇಸು ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಬೀರುವಿನಲ್ಲಿ ಇಟ್ಟಳು. ರೇನ್‌ಕೋಟು ಎರಡನ್ನೂ ಕುರ್ಚಿಯ ಬೆನ್ನಿಗೆ ಹಾಕಿದಳು.

"ಇದು ನಾಲ್ಕನೇ ಸಲ," ಎಂದಳು.

ಸುಜಯೀಂದ್ರನ ಹಸಿವು ಅಲ್ಲೇ ಹೋಯಿತು. ತಾನು ಎಂಥ ನೀಚ ಕೆಲಸಕ್ಕೆ ಸಂತೋಷಪಟ್ಟೆ ಎಂದು ನಾಚಿಕೆಯಾಯಿತು. ಮಾತಾಡಲು ಬಾಯಿ ತೆರೆದ, ಒಣಗಿತ್ತು. ನೀರು ಕುಡಿಯಲು ಹೋದ, ನಲ್ಲಿಯಲ್ಲಿ ಬರಲಿಲ್ಲ. ಅದು ಅವನದೇ ಇಲಾಖೆ.

ಶನಿವಾರ ಸಂಜೆ ನಲವತ್ತೆಂಟು ಜನ, ನಲವತ್ತೆಂಟು ಛತ್ರಿ, ಪುಳಿಯೋಗರೆಯ ಎರಡು ಡಬರಿ ಹೇರಿಕೊಂಡು ಬಸ್ಸು ಹೋಯಿತು. ಮುಂದಿನ ಮೂರು ಸೀಟಿನಲ್ಲಿ ಪ್ರೇಮಮ್ಮ ಕಾಲು ಚಾಚಿ ಕೂತರು. ಭೋಜರಾಜರು ಕಿಟಕಿಯಿಂದ ತಲೆ ಹಾಕಿ, "ನೀನಿಲ್ಲದಿದ್ರೂ ಚಿಂತೆ ಇಲ್ಲಪ್ಪ, ಐದು ಗಂಟೆಗೆ ಇಲ್ಲಿಂದಲೇ ಫೋನ್ ಹಾಕಿಬಿಡು," ಎಂದರು. ಸುಜಯೀಂದ್ರ ಕೈ ಬೀಸಿದ. ಬೇರೆ ಏನು ಮಾಡಲೂ ಅವನಲ್ಲಿ ತ್ರಾಣವಿರಲಿಲ್ಲ.

ಭಾನುವಾರ ಮಧ್ಯಾಹ್ನ ಮುಷ್ಕರ ಮುಗಿಯಿತು. ಮೂರು ದಿನದ ಬಾಕಿ ತೀರಿಸುವವರ ಹಾಗೆ ಮೂರು ಲಾರಿ ಒಟ್ಟಿಗೇ ಬಂದವು. ಸುಜಯೀಂದ್ರ ಸಂಪು ತುಂಬಿಸಿ, ನಾಲ್ಕೂವರೆಗೆ ಮೋಟಾರು ಹಾಕಿ, ಟ್ಯಾಂಕಿಗೆ ನೀರು ಏರುತ್ತಿದೆಯೇ ಎಂದು ನೋಡಲು ತಾರಸಿಗೆ ಹತ್ತಿದ. ಲಿಫ್ಟಿಗೆ ಕಾಯುವಷ್ಟು ಸಹನೆಯೂ ಉಳಿದಿರಲಿಲ್ಲ, ಮೆಟ್ಟಿಲು ಹತ್ತುವಷ್ಟು ಶಕ್ತಿಯೂ ಇರಲಿಲ್ಲ, ಹೇಗೋ ಹತ್ತಿದ. ತಾರಸಿಯಲ್ಲಿ ವೀಕ್ಷಾ ಬಟ್ಟೆ ತೆಗೆಯುತ್ತಿದ್ದಳು. ಹೊಸ ವಾಸನೆ ಹೋಗಲೆಂದು ರೇನ್‌ಕೋಟು ಎರಡನ್ನೂ ಹಗ್ಗದ ಮೇಲೆ ಹರವಿದ್ದಳು. ಸುಜಯೀಂದ್ರ ಟ್ಯಾಂಕಿನ ನೆರಳಿನಲ್ಲಿ ಕುಳಿತುಬಿಟ್ಟ. ಅವಳೂ ಬಂದು ಪಕ್ಕದಲ್ಲಿ ಕೂತಳು. ಸಮುದ್ರದ ಗಾಳಿ ಆಗಷ್ಟೇ ಬೀಸತೊಡಗಿತ್ತು.

ಐದು ಗಂಟೆ ಹೊಡೆಯುತ್ತಲೇ ಫೋನು ಬಂತು. ಎತ್ತಿದ್ದು ವೀಕ್ಷಾ, ಎತ್ತಿ ಸ್ಪೀಕರಿಗೆ ಹಾಕಿದಳು.

"ಏನಪ್ಪಾ ಸುಜಯೀಂದ್ರ, ಗಂಟೆ ಆಯ್ತು," ಎಂದರು ಭೋಜರಾಜರು. "ಎಲ್ಲರೂ ಕಂಬಿ ಹಿಡ್ಕೊಂಡು ನಿಂತಿದೀವಿ. ಛತ್ರಿ ಬಿಚ್ಚಿದೀವಿ. ಎರಡು ಸಲ ಚಪ್ಪಾಳೇನೂ ಹೊಡೆದಾಯ್ತು. ಬರೀ ಬಂಡೆ ಕಾಣ್ತಿದೆ."

"ಸಾರ್, ಅದು..." ಎಂದ ಸುಜಯೀಂದ್ರ.

"ಕೊಡಿ ಇಲ್ಲಿ," ಎಂದು ಪ್ರೇಮಮ್ಮ ಫೋನು ಕಸಿದುಕೊಂಡದ್ದು ಕೇಳಿಸಿತು. "ಏಯ್ ಸುಜಿ, ನಿಮ್ಮ ಚಿಕ್ಕಮ್ಮ ಬಸ್ಸಲ್ಲಿ ನನಗೆ ಆ ನೋಟೀಸು ಓದಿ ಹೇಳಿದಳು. ನಾಲ್ಕು ತಡವೆ ಜೋಗ ನೋಡಿದೀಯಂತೆ? ಯಾವಾಗ ನೋಡಿದೆ? ನಿನ್ನ ಹೆತ್ತವಳು ನಾನು, ನನಗೆ ತೆರಿಯದೇನೆ? ನೀನು ತುಮಕೂರು ದಾಟಿದವನಲ್ಲವಲ್ಲೋ. ಆಮೇಲೆ ಡ್ಯಾಮಲ್ಲಿ ಗೊತ್ತಿರೋರು ಅಂದ್ಯಲ್ಲ, ಆ ಸತ್ಯನಾರಾಯಣ, ಸೌಟು ಹಿಡ್ಕೊಂಡು ಬಂದಿದಾರೆ. ಉಪ್ಪಿಟ್ಟು ಮಾತ್ರ ಫಸ್ಟ್ ಕ್ಲಾಸ್. ನೀರಿಗೆ ಏನು ಹೇಳಲಿ ಇವರಿಗೆಲ್ಲ?"

ವೀಕ್ಷಾ, ಆಮೇಲೆ ಫೋನು ಮಾಡುತ್ತೇವೆ ಅತ್ತೆ ಎಂದು ಇಟ್ಟಳು.

ತಾರಸಿಯಲ್ಲಿ ಯಾರೂ ಮಾತಾಡಲಿಲ್ಲ. ಯಾರೂ ಮಾತಾಡದಿದ್ದಾಗ ಈ ಮನುಷ್ಯ ಏನು ಮಾಡುತ್ತಾನೆ ಎಂಬುದು ಓದುಗರಿಗೆ ಗೊತ್ತಿದೆ. ಆದರೆ ಈಗ ಅವನಿಗೆ ಸುಳ್ಳು ಹೇಳುವುದಕ್ಕೂ ಶಕ್ತಿ ಉಳಿದಿರಲಿಲ್ಲ.

"ಹೋಗಿಲ್ಲ," ಎಂದ. "ಒಂದು ಸಲಾನೂ ಹೋಗಿಲ್ಲ. ಜೋಗ ಹೇಗಿರತ್ತೆ ಅಂತಾನೂ ಗೊತ್ತಿಲ್ಲ. ಆವತ್ತು ನೀನು ಮಾತಾಡ್ಲಿ ಅಂತ ಹೇಳಿದೆ. ಆಮೇಲೆ ವಾಪಸ್ ತಗೊಳ್ಳೋಕೆ ಆಗಲಿಲ್ಲ. ನಿನಗೆ ತುಂಬ ಅನ್ಯಾಯ ಮಾಡಿದೆ ವೀಕ್ಷಾ."

"ಗೊತ್ತಿತ್ತು," ಎಂದಳು ವೀಕ್ಷಾ.

"ಏನು ಗೊತ್ತಿತ್ತು?"

"ಆವತ್ತೇ ಗೊತ್ತಿತ್ತು. ನಮ್ಮನೆ ಗೋಡೆ ಮೇಲಿರೋದು ಜೋಗ ಅಲ್ಲ ರೀ. ಅದು ಶಿವನಸಮುದ್ರದ ಗಗನಚುಕ್ಕಿ. ಅಪ್ಪ ತೆಗೆದ ಫೋಟೊ. ಮೈಸೂರಿಂದ ಎರಡು ಗಂಟೆ ದಾರಿ. ಜೋಗಕ್ಕೆ ಹೋಗೋಕಾಗದಾಗೆಲ್ಲ ಅಲ್ಲಿಗೆ ಹೋಗಿ ಬರ್ತಿದ್ವಿ."

ಸುಜಯೀಂದ್ರನಿಗೆ ಚಿರೋಟಿ ಬಾಯಿಗೆ ಹಾಕಿಕೊಂಡ ಮಾವನ ಮುಖ ನೆನಪಾಯಿತು. ಎರಡು ತಿಂಗಳಿಂದ ಆ ಮನುಷ್ಯ ಫೋನು ಮಾಡಿದಾಗಲೆಲ್ಲ, ಜೋಗದ ಕಡೆ ಏನು ಸಮಾಚಾರ ಎಂದು ಕೇಳುತ್ತಿದ್ದುದೂ ನೆನಪಾಯಿತು.

"ಮತ್ತೆ ಯಾಕೆ ಒಪ್ಪಿಕೊಂಡೆ?"

"ನಿಮಗಿಂತ ಮೊದಲು ಐದು ಜನ ಬಂದಿದ್ರು. ಎಲ್ಲರೂ ನನ್ನ ಸಂಬಳ ಕೇಳಿದ್ರು. ನೀವೊಬ್ಬರೇ ನನ್ನ ಮಾತಾಡಿಸೋಕೆ ಅಂತ ಅಷ್ಟು ಕಷ್ಟಪಟ್ಟಿದ್ದು," ಎಂದಳು. ಆಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು. "ಆದ್ರೆ ಎರಡು ತಿಂಗಳು ರೀ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ರೇನ್‌ಕೋಟ್ ತಂದೆ. ಆಗಲೂ ಹೇಳಲಿಲ್ಲ. ಮೊನ್ನೆ ಸೂಟ್‌ಕೇಸ್ ಬಿಚ್ಚುವಾಗ ನಿಜವಾಗ್ಲೂ ಅಳು ಬಂತು ನನಗೆ. ನೀರಿಲ್ಲದಿದ್ರೂ ಪರವಾಗಿಲ್ಲ, ಹೋಗಿ ಬಂಡೆನಾದ್ರೂ ನೋಡ್ಬೇಕಿತ್ತು ನಾವಿಬ್ಬರೂ."

ಸುಜಯೀಂದ್ರ ತಲೆ ತಗ್ಗಿಸಿದ. ಮೋಟಾರು ಹಾಕಿ ಎಷ್ಟು ಹೊತ್ತಾಯಿತೆಂದು ಅವನು ಯಾವಾಗಲೂ ನೋಡುತ್ತಿದ್ದುದು ಫೋನಿನಲ್ಲಿ; ಫೋನು ಈಗ ಹೆಂಡತಿಯ ಮಡಿಲಲ್ಲಿತ್ತು.

ಮೊದಲು ತಲೆಯ ಮೇಲೆ ಗೊಳಗೊಳ ಎಂಬ ಸದ್ದಾಯಿತು. ಮೆಟ್ಟಿಲ ಕೋಣೆಯ ಮೇಲಿದ್ದ ಟ್ಯಾಂಕು ತುಂಬಿ, ಅಂಚಿನ ಕೊಳವೆಯಿಂದ ತೋಳು ಗಾತ್ರದ ನೀರು ನೇರವಾಗಿ ತಾರಸಿಗೆ ಧುಮುಕತೊಡಗಿತು. ತಾರಸಿಯ ಮುಂಭಾಗದಲ್ಲಿ ಮಳೆ ನೀರು ಹೋಗಲು ನಾಲ್ಕು ದೋಣಿಗಳಿದ್ದವು. ನೀರು ನಾಲ್ಕಕ್ಕೂ ಹಂಚಿಕೊಂಡು ಐದು ಅಂತಸ್ತಿನ ಎತ್ತರದಿಂದ ಪಾರ್ಕಿಂಗಿಗೆ ಸುರಿಯಿತು. ಒಂದರಲ್ಲಿ ಕಸ ಸಿಕ್ಕಿ ಅದು ಮಾತ್ರ ವಿಪರೀತ ಸದ್ದು ಮಾಡಿತು.

"ಯಾರು ನೀರು ಬಿಟ್ಟದ್ದು?" ಎಂದು ಕೆಳಗಿನಿಂದ ಕದಿರೇಶನ್ ಅರಚಿದರು. ತಲೆಯಿಂದ ಪಂಚೆಯವರೆಗೆ ನೆನೆದಿದ್ದರು. ನೆಲಮಹಡಿಯ ತಾತ ಕುರ್ಚಿ ಸಮೇತ ಹೊರಗೆ ಬಂದು, ಕೈ ಚಾಚಿ ನೀರು ಮುಟ್ಟಿ, "ತಮ್ಮಾ, ಕಾವೇರಿಯಾ?" ಎಂದು ಕೇಳಿದರು.

ಸುಜಯೀಂದ್ರ ಮೋಟಾರು ನಿಲ್ಲಿಸಲು ಧಡಕ್ಕನೆ ಎದ್ದ. ವೀಕ್ಷಾ ಅವನ ಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಹಗ್ಗದ ಮೇಲಿಂದ ಎಳೆದ ಹಳದಿ ರೇನ್‌ಕೋಟು ಇತ್ತು.

"ಒಂದೇ ನಿಮಿಷ," ಎಂದಳು.

ನೀರಿನ ಉಸ್ತುವಾರಿಯಾದವನು ಆ ಕ್ಷಣ ಓಡಿ ಸ್ವಿಚ್ಚು ಆರಿಸಬೇಕಾಗಿತ್ತು. ಮೂರು ದಿನ ಒಣಗಿದ ಬಿಲ್ಡಿಂಗಿನಲ್ಲಿ ನೀರು ಹೀಗೆ ಸುರಿಯುವುದು ಮಹಾಪರಾಧ, ಅದಕ್ಕೆ ಮುಂದಿನ ಸಭೆಯಲ್ಲಿ ಅವನನ್ನು ಸರ್ವಾನುಮತದಿಂದಲೇ ಕೆಳಗಿಳಿಸಿದರು. ಆದರೂ ಸುಜಯೀಂದ್ರ ನಿಂತ. ರೇನ್‌ಕೋಟು ತೊಟ್ಟ. ಇಬ್ಬರೂ ಆ ನೀರಿನ ಕೆಳಗೆ ತಲೆಯೊಡ್ಡಿ ಪೂರ್ತಿ ಒಂದು ನಿಮಿಷ ನಿಂತರು. ವೀಕ್ಷಾ ನಗುತ್ತಿದ್ದಳು, ಅದು ಮೈಸೂರಿನ ಹಜಾರದಲ್ಲಿ ಕೇಳಿದ್ದ ಅದೇ ನಗು.

ಆಮೇಲೆ ಅವನು ಮೆಟ್ಟಿಲಿಳಿದು ಓಡಿದ. ಅಷ್ಟರಲ್ಲಿ ಫೋನು ಮತ್ತೆ ಬಂದಿತ್ತು. ವೀಕ್ಷಾ ಒದ್ದೆ ಕೈ ಒರೆಸಿಕೊಂಡು ಎತ್ತಿದಳು.

"ಏನಮ್ಮಾ, ನಿಮ್ಮ ಯಜಮಾನರು ನೀರು ಬಿಡಿಸಿದ್ರಾ ಇಲ್ವಾ?" ಎಂದು ಕೇಳಿದರು ಭೋಜರಾಜರು.

"ಬಿಡಿಸಿದ್ರು ಸಾರ್," ಎಂದಳು ವೀಕ್ಷಾ. "ತುಂಬಾ ಚೆನ್ನಾಗಿತ್ತು."

ಭೋಜರಾಜರು ನಂಬಿಕೆಯ ಮನುಷ್ಯ. ಆ ಕಡೆ ಅವರು ನಲವತ್ತೆಂಟು ಜನಕ್ಕೂ, ಬಿಟ್ಟಿದ್ದಾರಂತೆ, ಇನ್ನೊಂದು ಸಲ ಸರಿಯಾಗಿ ನೋಡಿ ಎಂದು ಹೇಳುತ್ತಿದ್ದುದು ಫೋನಿನಲ್ಲಿ ಕೇಳಿಸುತ್ತಿತ್ತು.